ಬೆಂಕಿಯಿಲ್ಲದ ಬೆಸುಗೆ

ಭದ್ರಾವತಿಯ ಹೆಸರನ್ನು ಕೇಳಿದೊಡನೆ ಕನ್ನಡಿಗರಿಗೆ ಕಬ್ಬಿಣವು ನೆನಪಾಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾಗಿ ಭದ್ರಾನದಿಯ ದಡದಲ್ಲಿ ಎದ್ದ ಕಾರ್ಖಾನೆಯ ಊದುಕುಲುಮೆಯು 1923ರಲ್ಲಿ ಕೆಲಸವನ್ನು ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು ಮಲೆನಾಡಿನ ಮರದ ಇದ್ದಿಲಿನೊಡನೆ ಬೆಂದು ಅಲ್ಲಿ ಕಬ್ಬಿಣವಾಗಿ ಹರಿಯಿತು. ಎರಡು ಕಬ್ಬಿಣದ ತುಂಡುಗಳನ್ನು ಕರಗಿಸಿ ಒಂದು ಮಾಡಬೇಕಾದರೆ ಎಂತಹ ಶಾಖ ಬೇಕೆಂಬುದನ್ನು ಆ ಊರಿನ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶುದ್ಧವಾದ ಕಬ್ಬಿಣವು ಕರಗುವುದು ಸುಮಾರು 1538 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ.

ಆ ಕುಲುಮೆಯ ಮುಂದೆ ಸಲಾಕೆ ಹಿಡಿದು ನಿಂತ ಕೆಲಸಗಾರನ ತೋಳಿನೊಳಗೆ ಇನ್ನೊಂದು ಬಗೆಯ ಬೆಸುಗೆಯು ನಡೆದಿತ್ತು. ಅದಕ್ಕೆ ಬೆಂಕಿ ಬೇಡ, ಕಿಡಿ ಬೇಡ. ಮೈಯ ಸಹಜವಾದ 37 ಡಿಗ್ರಿ ಶಾಖವೇ ಸಾಕು. ಅವನು ತಾಯಿಯ ಗರ್ಭದಲ್ಲಿದ್ದಾಗ ಎಣಿಕೆಗೆ ಸಿಕ್ಕದಷ್ಟು ಸಣ್ಣ ಜೀವಕೋಶಗಳು ಒಂದಕ್ಕೊಂದು ಬೆಸೆದುಕೊಂಡು ಅವನ ಸ್ನಾಯುಗಳನ್ನು ಕಟ್ಟಿದುವು. ಮುಂದೆ ಪೆಟ್ಟುಬಿದ್ದ ಸ್ನಾಯುವನ್ನು ಸರಿಪಡಿಸಲು ಅದೇ ಬೆಸುಗೆಯು ಮತ್ತೆ ನಡೆಯಿತು. ಈ ಬೆಸುಗೆಯನ್ನು ಮಾಡುವ ಕಮ್ಮಾರರು ಯಾರು? ಜೀವಕೋಶದ ಪೊರೆಯಲ್ಲಿ ನೆಲಸಿರುವ ಕೆಲವು ಪ್ರೋಟೀನುಗಳು. ಈ ವಿಷಯವನ್ನು ನಮ್ಮ ಕಾಲೇಜುಗಳಲ್ಲಿ ಈಗ ಕಲಿಸುತ್ತಿರುವುದಕ್ಕಿಂತ ಬೇರೆಯ ರೀತಿಯಲ್ಲಿ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಅದೇಕೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪದವಿಪೂರ್ವ ತರಗತಿಯ ಜೀವಶಾಸ್ತ್ರದ ಪುಸ್ತಕವನ್ನು ತೆರೆದು ನೋಡಿ. ಮೈಯ ಉಳಿದ ಕೋಶಗಳಲ್ಲಿ ಸಾಮಾನ್ಯವಾಗಿ ಒಂದೊಂದೇ ಕೋಶಕೇಂದ್ರವಿದ್ದರೆ, ಎಲುಬಿಗೆ ಅಂಟಿದ ಸ್ನಾಯುವಿನ ಒಂದೊಂದು ತಂತುವಿನಲ್ಲಿಯೂ ಅನೇಕ ಕೋಶಕೇಂದ್ರಗಳಿವೆಯೆಂದು ಅದು ತಿಳಿಸುತ್ತದೆ. ವಿದ್ಯಾರ್ಥಿಯು ಆ ವಾಕ್ಯದ ಕೆಳಗೆ ಗೆರೆ ಎಳೆದು, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಒಂದು ಅಂಕವನ್ನು ಪಡೆದು ಮುಂದಕ್ಕೆ ಹೋಗುತ್ತಾನೆ. ‘ಅನೇಕ ಕೋಶಕೇಂದ್ರಗಳು ಅಲ್ಲಿಗೆ ಹೇಗೆ ಬಂದುವು?’ ಎಂದು ಅವನೂ ಕೇಳುವುದಿಲ್ಲ. ಕೇಳೆಂದು ಅವನಿಗೆ ಯಾರೂ ಹೇಳುವುದೂ ಇಲ್ಲ. ಆ ಒಂದು ವಾಕ್ಯದ ಹಿಂದೆ ಎಷ್ಟು ದೊಡ್ಡ ಪ್ರಶ್ನೆಯು ಅಡಗಿದೆಯೆಂಬುದು ಅವನಿಗೆ ಗೊತ್ತಾಗುವುದೇ ಇಲ್ಲ.

ಈ ಪ್ರಶ್ನೆಗೆ ಎರಡು ಉತ್ತರಗಳನ್ನು ಊಹಿಸಬಹುದು. ಒಂದೇ ಕೋಶದ ಒಳಗೆ ಕೋಶಕೇಂದ್ರವು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ಹೋಗಿ, ಕೋಶವು ಮಾತ್ರ ಒಡೆಯದೆ ಉಳಿದಿರಬಹುದು. ಇಲ್ಲವೆ ಬೇರೆ ಬೇರೆ ಕೋಶಗಳು ಕೂಡಿ ಒಂದಾಗಿರಬಹುದು. ಇವೆರಡರಲ್ಲಿ ಯಾವುದು ನಿಜವೆಂದು ವಿಜ್ಞಾನಿಗಳು ಬಹುಕಾಲ ವಾದಿಸಿದರು. 1967ರಲ್ಲಿ ಅಮೆರಿಕದ ಬೀಟ್ರಿಸ್ ಮಿಂಟ್ಜ್ ಮತ್ತು ಬೇಕರ್ ಎಂಬವರು ಇಲಿಗಳ ಮೇಲೆ ಒಂದು ಸೊಗಸಾದ ಪ್ರಯೋಗವನ್ನು ಮಾಡಿ ತೋರಿಸಿದರು. ಎರಡು ತಳಿಯ ಇಲಿಗಳ ಎಳೆಯ ಭ್ರೂಣಗಳನ್ನು ಜೋಡಿಸಿ, ಎರಡೂ ತಳಿಯ ಕೋಶಗಳು ಬೆರೆತಿರುವ ಇಲಿಗಳನ್ನು ಅವರು ಪಡೆದರು. ಅವರು ಪರೀಕ್ಷೆಗೆ ಆರಿಸಿಕೊಂಡ ಕಿಣ್ವವೊಂದರ ಅಣುವಿನಲ್ಲಿ ಎರಡು ತುಂಡುಗಳಿದ್ದುವು. ಒಂದು ತಳಿಯ ಕೋಶಕೇಂದ್ರವು ಒಂದು ಬಗೆಯ ತುಂಡನ್ನೂ, ಮತ್ತೊಂದು ತಳಿಯದು ಮತ್ತೊಂದು ಬಗೆಯ ತುಂಡನ್ನೂ ಮಾಡಿಸುತ್ತಿತ್ತು. ಎರಡು ಬಗೆಯ ತುಂಡುಗಳು ಕೂಡಿದ ಮಿಶ್ರ ಅಣುವು ಹುಟ್ಟಬೇಕಾದರೆ ಎರಡೂ ತಳಿಯ ಕೋಶಕೇಂದ್ರಗಳು ಒಂದೇ ಜೀವದ್ರವ್ಯದಲ್ಲಿ ಇರಲೇಬೇಕಷ್ಟೆ. ಅಂತಹ ಮಿಶ್ರ ಅಣುವು ಎಲುಬಿನ ಸ್ನಾಯುವಿನಲ್ಲಿ ದೊರೆಯಿತು. ಯಕೃತ್ತು ಮೊದಲಾದ ಇತರ ಅಂಗಗಳಲ್ಲಿ ದೊರೆಯಲಿಲ್ಲ. ಆದುದರಿಂದ ಸ್ನಾಯುತಂತುವು ಒಡೆದು ಬೆಳೆದುದಲ್ಲ, ಕೂಡಿ ಬೆಳೆದುದು. ಹೀಗೆ ಕೂಡುವ ಕೋಶಗಳನ್ನು ಸ್ನಾಯುಜನಕ ಕೋಶಗಳೆಂದು ಕರೆಯಬಹುದು.

ಕೂಡುವುದೇನೋ ನಿಶ್ಚಯವಾಯಿತು. ಆದರೆ ಕೂಡುವುದು ಸುಲಭವೆ? ಸಾರಿನ ಮೇಲೆ ತೇಲುವ ಎಣ್ಣೆಯ ಎರಡು ಹನಿಗಳು ಹತ್ತಿರ ಬಂದರೆ ತಾವಾಗಿಯೇ ಒಂದಾಗುತ್ತವೆ. ಜೀವಕೋಶಗಳು ಹಾಗಲ್ಲ. ಪ್ರತಿಯೊಂದು ಕೋಶವನ್ನೂ ಎರಡು ಪದರದ ಒಂದು ಕೊಬ್ಬಿನ ಪೊರೆಯು ಸುತ್ತಿಕೊಂಡಿದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ, ಅಂತಹ ಸುಮಾರು ಐದು ಭಾಗಗಳಷ್ಟೇ ಅದರ ದಪ್ಪ. ಇಷ್ಟು ತೆಳುವಾಗಿದ್ದರೂ ಅದು ಗಟ್ಟಿಯಾದ ಎಲ್ಲೆಯೇ ಸರಿ. ಪೊರೆಯ ಹೊರಮೈಯನ್ನು ನೀರಿನ ಅಣುಗಳು ಅಂಟಿ ಹಿಡಿದಿರುವುದರಿಂದ ಎರಡು ಪೊರೆಗಳು ತೀರ ಸಮೀಪಕ್ಕೆ ಬಂದಾಗ ಒಂದನ್ನೊಂದು ದೂರ ತಳ್ಳುತ್ತವೆ. ಈ ತಳ್ಳಾಟವು ಇಲ್ಲದಿದ್ದರೆ ನಮ್ಮ ಮೈಯ ಕೋಶಗಳೆಲ್ಲ ಒಂದರೊಡನೊಂದು ಕಲೆತು, ಯಕೃತ್ತು ಯಾವುದು, ನರ ಯಾವುದು ಎಂಬ ಭೇದವೇ ಉಳಿಯುತ್ತಿರಲಿಲ್ಲ. ಕೂಡದಿರುವುದೇ ಕೋಶಗಳ ಸಾಮಾನ್ಯ ಧರ್ಮ. ಅಂಡಾಣು ವೀರ್ಯಾಣುಗಳ ಸಂಗಮದಲ್ಲಿ, ಗರ್ಭದ ಮಾಸಿನಲ್ಲಿ, ಸ್ನಾಯುವಿನಲ್ಲಿ, ಹೀಗೆ ಕೆಲವೆಡೆ ಮಾತ್ರ ಈ ಧರ್ಮಕ್ಕೆ ಅಪವಾದಗಳುಂಟು. ನಮ್ಮ ಹೃದಯದ ಸ್ನಾಯುವಿನಲ್ಲಿ ಸಹ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಜೋಡಿಸಿಕೊಂಡಿರುತ್ತವೆಯೇ ಹೊರತು ಎಲುಬಿನ ಸ್ನಾಯುವಿನಂತೆ ಕೂಡಿ ಒಂದೇ ಉದ್ದ ತಂತುವಾಗುವುದಿಲ್ಲ.

ಈ ಅಪವಾದವನ್ನು ಸಾಧಿಸುವವು ಯಾವುವೆಂಬುದು ತೀರ ಈಚೆಗೆ ತಿಳಿದ ಸಂಗತಿ. 2013ರಲ್ಲಿ ಡಗ್ಲಾಸ್ ಮಿಲೇ, ಎರಿಕ್ ಓಲ್ಸನ್ ಮತ್ತು ಅವರ ಸಂಗಡಿಗರು ಇಲಿಯ ಸ್ನಾಯುಜನಕ ಕೋಶದ ಪೊರೆಯಲ್ಲಿ ಮಯೋಮೇಕರ್ ಎಂಬ ಪ್ರೋಟೀನನ್ನು ಗುರುತಿಸಿದರು. ಅದನ್ನು ಮಾಡಿಸುವ ಜೀನನ್ನು ಕಳೆದುಕೊಂಡ ಇಲಿಮರಿಗಳಲ್ಲಿ ಸ್ನಾಯುಜನಕ ಕೋಶಗಳು ಹುಟ್ಟಿದುವು, ಸಾಲುಗಟ್ಟಿ ನಿಂತುವು, ಸ್ನಾಯುವಿಗೆ ಬೇಕಾದ ಇತರ ಪ್ರೋಟೀನುಗಳನ್ನೂ ತಯಾರಿಸಿದುವು, ಆದರೆ ಕೂಡಲಿಲ್ಲ. ಆ ಮರಿಗಳು ಬದುಕಿ ಉಳಿಯಲಿಲ್ಲ. 2017ರಲ್ಲಿ ಇನ್ನೊಂದು ಪ್ರೋಟೀನು ಬೆಳಕಿಗೆ ಬಂದಿತು. ಮೂರು ತಂಡಗಳು ಬೇರೆ ಬೇರೆಯಾಗಿ ಅದನ್ನು ಕಂಡುಹಿಡಿದುದರಿಂದ ಮಯೋಮಿಕ್ಸರ್, ಮಯೋಮರ್ಜರ್, ಮಿನಿಯನ್ ಎಂಬ ಮೂರು ಹೆಸರುಗಳು ಅದಕ್ಕೆ ಬಂದುವು. ಇಲಿಯ ಮಯೋಮೇಕರಿನಲ್ಲಿ 221 ಅಮೈನೋ ಆಮ್ಲಗಳಿದ್ದರೆ, ಈ ಮಯೋಮಿಕ್ಸರಿನಲ್ಲಿ ಇರುವುದು 84 ಮಾತ್ರ.

ಈ ಎರಡರ ಕೆಲಸವನ್ನು ತಿಳಿಯಲು ಶಿವಮೊಗ್ಗೆಯ ಸುತ್ತಿನವರು ಕೂಡಲಿಯನ್ನು ನೆನೆಯಬಹುದು. ಶಿವಮೊಗ್ಗೆಯ ಮಗ್ಗುಲಲ್ಲಿ ಹರಿದುಬರುವುದು ತುಂಗೆ. ಭದ್ರಾವತಿಯ ನಡುವೆ ಹರಿದುಬರುವುದು ಭದ್ರೆ. ತುಂಗೆಯೊಂದೇ ತುಂಗಭದ್ರೆಯಲ್ಲ, ಭದ್ರೆಯೊಂದೇ ತುಂಗಭದ್ರೆಯಲ್ಲ. ಕೂಡಲಿಯಲ್ಲಿ ಎರಡೂ ಸೇರಿದ ಮೇಲೆಯೇ ಆ ಹೆಸರು. ಪ್ರೋಟೀನುಗಳ ವಿಷಯವೂ ಹೀಗೆಯೇ. ಚರ್ಮದ ಕೆಳಗಿರುವಂತಹ, ಎಂದೂ ಬೆಸೆದುಕೊಳ್ಳದ ಸಾಮಾನ್ಯ ಕೋಶಗಳಿಗೆ ಇವುಗಳಲ್ಲಿ ಒಂದನ್ನೇ ಕೊಟ್ಟರೆ ಅವು ತಮ್ಮತಮ್ಮೊಳಗೆ ಕೂಡುವುದಿಲ್ಲ. ಎರಡನ್ನೂ ಕೊಟ್ಟರೆ ಕೂಡುತ್ತವೆ. ಕೆಲಸವು ಎರಡು ಮೆಟ್ಟಿಲುಗಳಲ್ಲಿ ನಡೆಯುತ್ತದೆಂದು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಮೊದಲು ಎದುರುಬದುರಾದ ಎರಡು ಪೊರೆಗಳ ಹೊರಪದರಗಳು ಮಾತ್ರ ಬೆರೆಯುತ್ತವೆ. ಇದಕ್ಕೆ ಮಯೋಮೇಕರ್ ಬೇಕು, ಅದೂ ಎರಡು ಕೋಶಗಳಲ್ಲಿಯೂ ಇರಬೇಕು. ಆಮೇಲೆ ಒಳಪದರಗಳು ತೆರೆದು ಒಂದು ರಂಧ್ರವಾಗುತ್ತದೆ. ಇದು ಮಯೋಮಿಕ್ಸರಿನ ಕೆಲಸ, ಅದು ಒಂದು ಕೋಶದಲ್ಲಿದ್ದರೂ ಸಾಕು. ರಂಧ್ರವು ಅಗಲವಾದಂತೆ ಎರಡು ಕೋಶಗಳ ಜೀವದ್ರವ್ಯವು ಒಂದಾಗುತ್ತದೆ. ಕೋಶಗಳು ಒಂದನ್ನೊಂದು ಗುರುತಿಸಿ ಅಂಟಿಕೊಳ್ಳಲು ಬೇರೆ ಪ್ರೋಟೀನುಗಳುಂಟು. ಬೆಸುಗೆಯ ಕೊನೆಯ ಕೆಲಸವು ಮಾತ್ರ ಈ ಎರಡರದು.

ಗರ್ಭದಲ್ಲಿ ಮುಗಿದುಹೋಗುವ ಕಥೆ ಇದಲ್ಲ. 1961ರಲ್ಲಿ ಅಲೆಗ್ಸಾಂಡರ್ ಮೌರೋ ಎಂಬವರು ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ತಂತುವಿನ ಅಂಚಿಗೆ ಒತ್ತಿಕೊಂಡು ಮಲಗಿರುವ ಪುಟ್ಟ ಕೋಶಗಳನ್ನು ಕಂಡು ಅವಕ್ಕೆ ಉಪಗ್ರಹ ಕೋಶಗಳೆಂದು ಹೆಸರಿಟ್ಟರು. ಸ್ನಾಯುವಿಗೆ ಪೆಟ್ಟು ಬಿದ್ದಾಗ ಇವು ಎಚ್ಚರಗೊಂಡು, ಸಂಖ್ಯೆಯಲ್ಲಿ ಹೆಚ್ಚಿ, ಹಾಳಾದ ತಂತುವಿಗೆ ಬೆಸೆದುಕೊಂಡು ಅದನ್ನು ಸರಿಪಡಿಸುತ್ತವೆ. ಗರಡಿಯಲ್ಲಿ ಸಾಮು ಮಾಡುವವನ ತೋಳು ದಪ್ಪವಾಗುವಾಗಲೂ ಇಂತಹ ಕೆಲವು ಕೋಶಗಳು ಹಳೆಯ ತಂತುಗಳನ್ನು ಸೇರಿಕೊಳ್ಳುತ್ತವೆ. ಮಯೋಮೇಕರಿನ ಜೀನಿನಲ್ಲಿ ದೋಷವಿದ್ದರೆ ಮನುಷ್ಯರಲ್ಲಿ ಹುಟ್ಟಿನಿಂದಲೇ ಮುಖದ ಹಾಗೂ ಮೈಯ ಸ್ನಾಯುಗಳು ದುರ್ಬಲವಾಗಿರುವ ಅಪರೂಪದ ಕಾಯಿಲೆಯೊಂದು ಉಂಟಾಗುತ್ತದೆಂದು 2017ರಲ್ಲಿ ತಿಳಿದುಬಂದಿತು.

ಇಷ್ಟನ್ನು ಹೇಳಿದ ಮೇಲೆ ನಮ್ಮ ಅಭಿಪ್ರಾಯದ ತಿರುಳಿಗೆ ಬರೋಣ. ‘ಇದೆಲ್ಲ ಸೊಗಸಾಗಿದೆ; ಆದರೆ ಪರೀಕ್ಷೆಗೆ ಓದುವ ನಮ್ಮ ಹುಡುಗ ಹುಡುಗಿಯರಿಗೆ ಇದರಿಂದ ಏನು ಪ್ರಯೋಜನ?’ ಎಂದು ಕೇಳುವವರುಂಟು. ಅವರಿಗೆ ನಾವು ಕೊಡುವ ಉತ್ತರವು ಸ್ನಾಯುಕ್ಷಯ ರೋಗವನ್ನು ಕುರಿತದ್ದು.

ಡುಷೆನ್ ಸ್ನಾಯುಕ್ಷಯವೆಂಬುದು ಬಹುಮಟ್ಟಿಗೆ ಗಂಡುಮಕ್ಕಳಿಗೆ ಬರುವ ಕಾಯಿಲೆ. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 3500ರಿಂದ 5000ಕ್ಕೆ ಒಬ್ಬರಂತೆ ಇದು ಕಾಣಿಸಿಕೊಳ್ಳುತ್ತದೆ. ಓಡಾಡುತ್ತಿದ್ದ ಹುಡುಗನು ಎಡವತೊಡಗುತ್ತಾನೆ. ನೆಲದಿಂದ ಏಳಲು ತೊಡೆಗೆ ಕೈಯೂರುತ್ತಾನೆ. ಕೆಲವು ವರ್ಷಗಳಲ್ಲಿ ಗಾಲಿಕುರ್ಚಿಯನ್ನು ಆಶ್ರಯಿಸುತ್ತಾನೆ. ಸ್ನಾಯುತಂತುವಿನ ಪೊರೆಯನ್ನು ಒಳಗಿನಿಂದ ಹಿಡಿದು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಇಲ್ಲದಿರುವುದೇ ಇದಕ್ಕೆ ಕಾರಣವೆಂದು 1987ರಲ್ಲಿ ಸ್ಪಷ್ಟವಾಯಿತು. ಸ್ನಾಯುಕೋಶಗಳು ಒಂದರೊಡನೊಂದು ಕೂಡುತ್ತವೆಂದು ಬಲ್ಲವರಿಗೆ ಕೂಡಲೆ ಒಂದು ಯೋಚನೆ ಹೊಳೆಯುತ್ತದೆ: ಆರೋಗ್ಯವಂತರ ಸ್ನಾಯುಜನಕ ಕೋಶಗಳನ್ನು ರೋಗಿಯ ಸ್ನಾಯುವಿಗೆ ಚುಚ್ಚಿದರೆ, ಅವು ಅಲ್ಲಿನ ತಂತುಗಳಿಗೆ ಬೆಸೆದುಕೊಂಡು, ಇಲ್ಲದ ಪ್ರೋಟೀನನ್ನು ಒದಗಿಸಲಾರವೆ? 1989ರಲ್ಲಿ ಟೆರೆನ್ಸ್ ಪಾರ್ಟ್ರಿಜ್ ಮತ್ತು ಅವರ ಸಂಗಡಿಗರು ಇಲಿಗಳಲ್ಲಿ ಇದು ಸಾಧ್ಯವೆಂದು ತೋರಿಸಿದರು. ಲೋಕದ ಅನೇಕ ತಾಯಿತಂದೆಗಳಲ್ಲಿ ಆಸೆಯು ಚಿಗುರಿತು.

ಮನುಷ್ಯರಲ್ಲಿ ಆದುದೇನು? ಅಮೆರಿಕದಲ್ಲಿ 12 ಮಂದಿ ಹುಡುಗರಿಗೆ ತಿಂಗಳಿಗೊಂದಾವರ್ತಿಯಂತೆ ಆರು ತಿಂಗಳು ಒಂದು ತೋಳಿಗೆ ಇಂತಹ ಕೋಶಗಳನ್ನು ಚುಚ್ಚಿದರು. ಇನ್ನೊಂದು ತೋಳಿಗೆ ಕೋಶಗಳಿಲ್ಲದ ಬರಿಯ ದ್ರವವನ್ನು ಚುಚ್ಚಿ ಹೋಲಿಸಿದರು. 1995ರಲ್ಲಿ ಪ್ರಕಟವಾದ ಫಲಿತಾಂಶವು ಪ್ರಾಮಾಣಿಕವಾಗಿತ್ತು: ಎರಡು ತೋಳುಗಳ ಬಲದಲ್ಲಿ ಗಣನೀಯವಾದ ವ್ಯತ್ಯಾಸವು ಕಾಣಲಿಲ್ಲ. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಬೇಗನೆ ಸಾಯುತ್ತವೆ. ಉಳಿದವು ಸೂಜಿ ಹೊಕ್ಕ ಜಾಗದಿಂದ ದೂರ ಹೋಗುವುದಿಲ್ಲ. ಮೈಯ ರಕ್ಷಣಾವ್ಯವಸ್ಥೆಯು ಅವನ್ನು ಪರಕೀಯವೆಂದು ಎದುರಿಸುತ್ತದೆ. ಕೋಶಗಳು ಕೂಡಬಲ್ಲುವು ಎಂಬುದು ನಿಜ. ಆದರೆ ನಾವು ಬಯಸಿದಲ್ಲಿ, ಬಯಸಿದಷ್ಟು ಕೂಡುತ್ತವೆ ಎಂಬುದು ಬೇರೆಯ ಮಾತು.

ಈ ಎರಡು ಮಾತುಗಳ ನಡುವಣ ಅಂತರದಲ್ಲಿಯೇ ಮೋಸವು ಮನೆಮಾಡುತ್ತದೆ. ‘ಆಕರ ಕೋಶ’ಗಳನ್ನು ಚುಚ್ಚಿ ಸ್ನಾಯುಕ್ಷಯವನ್ನು ವಾಸಿಮಾಡುತ್ತೇವೆಂದು ಜಾಹೀರಾತು ಕೊಟ್ಟು ಲಕ್ಷಗಟ್ಟಲೆ ಹಣ ಕೇಳುವವರು ಇಂದು ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ರಕ್ತ ಸಂಬಂಧವಾದ ಕೆಲವು ಅಂಗೀಕೃತ ರೋಗಗಳಿಗೆ ಮಾಡುವ ಕಸಿಯನ್ನು ಬಿಟ್ಟರೆ ರೋಗಿಗಳಲ್ಲಿ ಆಕರ ಕೋಶಗಳ ಬಳಕೆಯೆಲ್ಲ ಪ್ರಯೋಗದ ಹಂತದ್ದೆಂದೇ ಹೇಳಿತು. ಆದರೆ ಮಗನ ಕಾಲು ದಿನದಿನಕ್ಕೆ ಸೋಲುತ್ತಿರುವುದನ್ನು ನೋಡುತ್ತಿರುವ ತಂದೆಗೆ ಮಾರ್ಗಸೂಚಿಯನ್ನು ಓದುವ ವ್ಯವಧಾನವೆಲ್ಲಿ? ಅವನು ಅಡಕೆ ತೋಟವನ್ನು ಅಡವಿಟ್ಟಾದರೂ ಹಣ ತರಲು ಸಿದ್ಧನಾಗುತ್ತಾನೆ. ಆ ಹೊತ್ತಿನಲ್ಲಿ ಮನೆಯಲ್ಲಿಯೋ ನೆರೆಯಲ್ಲಿಯೋ ಇರುವ ವಿಜ್ಞಾನದ ವಿದ್ಯಾರ್ಥಿಯು ನಾಲ್ಕು ಪ್ರಶ್ನೆಗಳನ್ನು ಕೇಳಬಲ್ಲವನಾಗಿರಬೇಕು: ‘ನೀವು ಚುಚ್ಚುವ ಕೋಶವು ಸ್ನಾಯುತಂತುವಿಗೆ ಬೆಸೆಯುತ್ತದೆಂದು ಯಾರು, ಹೇಗೆ ತೋರಿಸಿದ್ದಾರೆ? ಚುಚ್ಚದ ತೋಳಿನೊಡನೆ ಹೋಲಿಸಿದ್ದೀರಾ? ಫಲಿತಾಂಶವು ಎಲ್ಲಿ ಪ್ರಕಟವಾಗಿದೆ? ಇದು ಪ್ರಯೋಗವೇ ಆದರೆ ರೋಗಿಯಿಂದ ಹಣವೇಕೆ?’ ಸ್ನಾಯುತಂತುವಿನಲ್ಲಿ ಅನೇಕ ಕೋಶಕೇಂದ್ರಗಳಿವೆಯೆಂದು ಬಾಯಿಪಾಠ ಮಾಡಿದವನು ಈ ಪ್ರಶ್ನೆಗಳನ್ನು ಕೇಳಲಾರ. ಅವು ಹೇಗೆ ಬಂದುವೆಂಬುದನ್ನೂ, ಅದು ಹೇಗೆ ರುಜುವಾತಾಯಿತೆಂಬುದನ್ನೂ ಕಲಿತವನು ಕೇಳಬಲ್ಲ. ಒಂದು ಅಂಕದ ವಾಕ್ಯಕ್ಕೂ ಒಂದು ಸಂಸಾರದ ತೋಟಕ್ಕೂ ಇರುವ ಸಂಬಂಧವು ಇದೇ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಆಕ್ಷೇಪವು ಬರುತ್ತದೆ: ‘ಇಂತಹ ವಿದ್ಯೆಯೆಲ್ಲ ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ಸರಿ, ಶಿವಮೊಗ್ಗೆ ಭದ್ರಾವತಿಗಳ ಕಾಲೇಜಿನಲ್ಲಿ ಏನು ಮಾಡಲಾದೀತು?’ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ನಡೆದಿದೆಯೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಹಣ್ಣಿನ ನೊಣದ ವಯಸ್ಕ ಸ್ನಾಯುವಿನಲ್ಲಿ ಸಹ ಉಪಗ್ರಹ ಕೋಶಗಳಂತಹವು ಇವೆಯೆಂದೂ, ಪೆಟ್ಟು ಬಿದ್ದಾಗ ಅವು ಎಚ್ಚರಗೊಂಡು ತಂತುಗಳಿಗೆ ಬೆಸೆಯುತ್ತವೆಂದೂ ಕೆ. ವಿಜಯರಾಘವನ್ ಮತ್ತು ಅವರ ಸಂಗಡಿಗರು ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕಂಡು 2017ರಲ್ಲಿ ಪ್ರಕಟಿಸಿದರು. ಆದರೆ ಅವರು ಬಳಸಿದ ಪ್ರಾಣಿ ಯಾವುದು? ಕೊಳೆತ ಬಾಳೆಹಣ್ಣಿನ ಮೇಲೆ ಮುತ್ತುವ ನೊಣ! ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇಂತಹ ನೊಣಗಳನ್ನು ರವೆ, ಬೆಲ್ಲ ಮತ್ತು ಅಗರನ್ನು ಬೇಯಿಸಿದ ಆಹಾರದ ಮೇಲೆ ಸಾಕುತ್ತ ಬಂದಿದ್ದಾರೆ. ರವೆ ಬೆಲ್ಲಗಳಿಗೆ ಶಿವಮೊಗ್ಗೆಯಲ್ಲಿ ಕೊರತೆಯುಂಟೆ? ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿಯೇ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವಿದೆ. ದಾರಿಯು ದೂರವಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನೊಣದ ಕೋಶಗಳು ಒಂದನ್ನೊಂದು ಗುರುತಿಸಲು ‘ಡಂಬ್‌ಫೌಂಡೆಡ್’, ‘ಸ್ಟಿಕ್ಸ್ ಅಂಡ್ ಸ್ಟೋನ್ಸ್’ ಎಂಬ ತಮಾಷೆಯ ಹೆಸರಿನ ಪೊರೆಯ ಪ್ರೋಟೀನುಗಳನ್ನು ಬಳಸುತ್ತವೆ; ನಮ್ಮಲ್ಲಿರುವ ಮಯೋಮೇಕರ್ ನೊಣದಲ್ಲಿಲ್ಲ. ಆದುದರಿಂದ ನೊಣದಲ್ಲಿ ಕಂಡುದನ್ನೆಲ್ಲ ಮನುಷ್ಯನಿಗೆ ಹಾಗೆಯೇ ಅನ್ವಯಿಸಬಾರದು. ಎಲ್ಲಿ ಹೋಲಿಕೆಯಿದೆ, ಎಲ್ಲಿ ಇಲ್ಲವೆಂಬುದನ್ನು ವಿವೇಚಿಸುವುದೂ ಶಿಕ್ಷಣದ ಒಂದು ಭಾಗವೇ.

ನಾವು ಬೇಡುವುದು ಹೆಚ್ಚಿನದೇನೂ ಅಲ್ಲ. ಪೇಟೆಯಿಂದ ತಂದ ಮೀನಿನ ಅಥವಾ ಕೋಳಿಯ ಮಾಂಸದ ಒಂದು ಚೂರನ್ನು ಉಪ್ಪುನೀರಿನಲ್ಲಿಟ್ಟು, ಎರಡು ಸೂಜಿಗಳಿಂದ ಎಳೆಎಳೆಯಾಗಿ ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಹರಡಿ, ಒಂದು ಹನಿ ಮಿಥಿಲೀನ್ ಬ್ಲೂ ಬಣ್ಣವನ್ನು ಹಾಕಿದರೆ, ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೇ ಅಡ್ಡಗೆರೆಗಳುಳ್ಳ ತಂತುಗಳನ್ನೂ, ಅವುಗಳ ಅಂಚಿನಲ್ಲಿ ನೀಲಿಯಾದ ಕೋಶಕೇಂದ್ರಗಳನ್ನೂ ಕಾಣಬಹುದು. ವಿದ್ಯಾರ್ಥಿಗಳು ಅವನ್ನು ಎಣಿಸಲಿ. ಆಮೇಲೆ ಅಧ್ಯಾಪಕರು ಕೇಳಲಿ: ‘ಇಷ್ಟೊಂದು ಎಲ್ಲಿಂದ ಬಂದುವು? ಎರಡು ಊಹೆಗಳಲ್ಲಿ ಯಾವುದು ಸರಿಯೆಂದು ತೀರ್ಮಾನಿಸಲು ನೀವಾದರೆ ಯಾವ ಪ್ರಯೋಗವನ್ನು ಮಾಡುತ್ತಿದ್ದಿರಿ?’ ಅರ್ಧ ಗಂಟೆ ತರಗತಿಯಲ್ಲಿ ಚರ್ಚೆಯಾಗಲಿ. ಆ ಮೇಲೆ 1967ರ ಇಲಿಗಳ ಪ್ರಯೋಗವನ್ನು ಹೇಳಲಿ. ಅಂಚಿನಲ್ಲಿ ಕಂಡ ಕೋಶಕೇಂದ್ರಗಳಲ್ಲಿ ಕೆಲವು ತಂತುವಿನವಲ್ಲ, ಉಪಗ್ರಹ ಕೋಶಗಳವು. ಅವನ್ನು ಬೇರ್ಪಡಿಸಿ ನೋಡಲು ನಮ್ಮ ಸೂಕ್ಷ್ಮದರ್ಶಕವು ಸಾಲದು ಎಂಬುದನ್ನೂ ತಿಳಿಸಲಿ. ಕಣ್ಣಿಗೆ ಕಂಡುದು ಎಷ್ಟು, ತರ್ಕದಿಂದ ತಿಳಿದುದು ಎಷ್ಟು ಎಂಬ ವಿವೇಕವು ಹೀಗೆ ಹುಟ್ಟುತ್ತದೆ. ಪ್ರಶ್ನಪತ್ರಿಕೆಯನ್ನು ಬರೆಯುವವರು ಸಹ ‘ಎಷ್ಟು ಕೋಶಕೇಂದ್ರಗಳಿವೆ?’ ಎಂದು ಕೇಳುವುದಕ್ಕೆ ಬದಲಾಗಿ ‘ಹೇಗೆ ತಿಳಿಯಿತು?’ ಎಂದು ಕೇಳಲಿ.

ಇಷ್ಟರಿಂದ ಸ್ನಾಯುಕ್ಷಯಕ್ಕೆ ಔಷಧವು ದೊರೆತುಬಿಡುತ್ತದೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಾವೂ ಮೇಲೆ ಹೇಳಿದ ಜಾಹೀರಾತಿನವರ ಸಾಲಿಗೆ ಸೇರುತ್ತೇವೆ. ಆದರೆ ಮೂಲವಿಜ್ಞಾನದ ಕೆಲಸವು ಎಲ್ಲಿ ಫಲಕೊಡುತ್ತದೆಂದು ಮುಂದಾಗಿ ಊಹಿಸುವುದು ಕಷ್ಟ. ಮಯೋಮೇಕರ್ ಮತ್ತು ಮಯೋಮಿಕ್ಸರ್ ಪ್ರೋಟೀನುಗಳನ್ನು ವೈರಸ್ಸಿನ ಹೊರಪೊರೆಯ ಮೇಲೆ ಕೂರಿಸಿದರೆ, ಆ ವೈರಸ್ಸು ಸ್ನಾಯುವನ್ನು ಹುಡುಕಿ ಬೆಸೆದುಕೊಂಡು ಅದರೊಳಕ್ಕೆ ಬೇಕಾದ ಜೀನನ್ನು ಒಯ್ಯಬಲ್ಲುದೆಂದು ಮಿಲೇಯವರ ತಂಡವು 2023ರಲ್ಲಿ ಇಲಿಗಳಲ್ಲಿ ತೋರಿಸಿತು. ಬೆಸುಗೆಯ ಗುಟ್ಟನ್ನು ಅರಿಯಲು ಹೊರಟವರಿಗೆ ಚಿಕಿತ್ಸೆಯ ಒಂದು ಹೊಸ ದಾರಿಯು ಕಂಡಿತು. ಅದು ಮನುಷ್ಯರವರೆಗೆ ಬರಲು ಇನ್ನೂ ಎಷ್ಟೋ ಪರೀಕ್ಷೆಗಳನ್ನು ದಾಟಬೇಕು. ಆ ಪರೀಕ್ಷೆಗಳನ್ನು ಮಾಡುವವರು ಎಲ್ಲಿಂದಲೋ ಬರತಕ್ಕವರಲ್ಲ. ಇಂದು ಯಾವುದಾದರೊಂದು ಊರಿನ ಕಾಲೇಜಿನಲ್ಲಿ ಕುಳಿತು ಸ್ನಾಯುತಂತುವಿನ ಚಿತ್ರವನ್ನು ಬರೆಯುತ್ತಿರುವವರೇ ಅವರು.

ವಿದ್ಯಾರ್ಥಿ ಮಿತ್ರರು ಮುಂದೆ ಎಂದಾದರೂ ಕೂಡಲಿಗೆ ಹೋದಾಗ ಸಂಗಮದ ದಡದಲ್ಲಿ ಒಂದು ಗಳಿಗೆ ನಿಲ್ಲಲಿ. ಎರಡು ಹೊಳೆಗಳು ಕೂಡುವುದನ್ನು ಅಲ್ಲಿ ಬರಿಗಣ್ಣಿನಿಂದ ನೋಡಬಹುದು. ಹಾಗೆ ನೋಡುತ್ತ ನಿಂತವರನ್ನು ನಿಲ್ಲಿಸಿರುವ ಕಾಲುಗಳೊಳಗೂ ಒಂದೊಂದು ತಂತುವಿನಲ್ಲಿಯೂ ಇಂತಹ ಕೂಡಲಿಗಳು ಅಸಂಖ್ಯಾತವಾಗಿವೆ. ಅವುಗಳನ್ನು ಕಾಣಲು ಕಣ್ಣು ಸಾಲದು, ಪ್ರಶ್ನೆ ಬೇಕು. ಆ ಪ್ರಶ್ನೆಯನ್ನು ಕೇಳುವ ಧೈರ್ಯವನ್ನು ನಮ್ಮ ಶಾಲಾಕಾಲೇಜುಗಳು ಅವರಿಗೆ ಕೊಡಲಿ ಎಂಬುದೇ ನಮ್ಮ ಬೇಡಿಕೆ.